ಬರಿಗೊರಳು

ಗಾಳಿ ಕೊರಳಿಗೆ ತಾಗುತ್ತಿದೆ, ಕೊರಳಿಗೆಂದರೆ ಕೊರಳಿನ ಆ ಒಂದು ಗೆರೆಗೆ, ಎಂಟನೆಯ ವಯಸ್ಸಿನಲ್ಲಿ ಲಿಂಗದೀಕ್ಷೆಯಾದ ದಿನದಿಂದ ಶಿವದಾರದ ಅಡಿಯಲ್ಲಿ ಬಿಸಿಲು ಕಾಣದೆ ಬಿಳಿಚಿಕೊಂಡ ಆ ಚರ್ಮದ ಪಟ್ಟಿಗೆ, ಕಾರಿನ ಕಿಟಕಿಯಿಂದ ನುಗ್ಗುವ ಬೆಳಗಿನ ಗಾಳಿ ಮೈಯ ಬೇರೆ ಯಾವ ಭಾಗಕ್ಕೂ ಇಷ್ಟು ತಣ್ಣಗಿಲ್ಲ, ಅಲ್ಲಿ ಮಾತ್ರ ಯಾರೋ ಒದ್ದೆ ಬೆರಳು ಇಟ್ಟ ಹಾಗೆ — ಗಾಜು ಏರಿಸಲೇ ಎಂದುಕೊಂಡ ಜ್ಞಾನೇಶ, ಏರಿಸಲಿಲ್ಲ, ಏರಿಸಿದರೆ ಕಾರು ನಡೆಸುತ್ತಿರುವ ಧರ್ಮೇಂದ್ರ ಇತ್ತ ತಿರುಗುತ್ತಾನೆ, ಏನೋ ಚಳೀನಾ, ನಿದಿಗೆ ಊರು ದಾಟೋಕ್ ಮುಂಚೆ ಚಳಿ ಅಂದ್ರೆ ನಡುಸಮುದ್ರದಲ್ಲಿ ನಿಂಗೆ ಕಂಬಳಿ ಹೊದಿಸೋರ್ಯಾರು ಮಾರಾಯ ಎನ್ನುತ್ತಾನೆ. ಸೋಗಾನೆಯ ವಿಮಾನ ನಿಲ್ದಾಣದ ಕಡೆಗೆ ವಿಮಾನವೊಂದು ತಗ್ಗಿನಲ್ಲಿ ಇಳಿಯುತ್ತಿದೆ, ಅದರೊಳಗಿರುವವರು ಮೋಡದ ಮೇಲೆ ಕಾಫಿ ಕುಡಿಯುತ್ತ ಸಮುದ್ರ ದಾಟಿ ಬಂದವರಿರಬಹುದು, ಈ ಇಬ್ಬರು ಮಾತ್ರ ಹಾಯಿ ಬಿಚ್ಚಿ ಗಾಳಿಯನ್ನು ನಂಬಿ ಕಾರವಾರದಿಂದ ಓಮಾನಿನ ಸಲಾಲಾ ಬಂದರಿಗೆ ಹೊರಟಿದ್ದಾರೆ, ನಡುವೆ ನೀರಲ್ಲದೆ ಬೇರೇನೂ ಇಲ್ಲ, ಕಾರವಾರದ ಕೊಲ್ಲಿಯಲ್ಲಿ ದಡ ಕಾಣುವಷ್ಟೇ ದೂರ ಹೋಗಿ ಕಲಿತ ಪಾಠವಲ್ಲದೆ ಬೆನ್ನಿಗೆ ಮತ್ತೊಂದು ಆಧಾರವಿಲ್ಲ. ದೋಣಿ ಆಗಲೇ ಲಾರಿಯ ಮೇಲೆ ಕಾರವಾರ ಸೇರಿದೆ. ಶಿವಮೊಗ್ಗದ ಜ್ಞಾನೇಶನ ಕಬ್ಬಿಣದಂಗಡಿಯ ಉಕ್ಕಿನ ತಗಡು, ಭದ್ರಾವತಿಯಲ್ಲಿ ಗೇಟು ಗ್ರಿಲ್ಲು ಮಾಡುವ ಧರ್ಮೇಂದ್ರನ ಬೆಸುಗೆ, ಡಿಪ್ಲೊಮಾ ಓದುವಾಗ ಹಿಂದಿನ ಬೆಂಚಿನಲ್ಲಿ ಇಬ್ಬರೂ ಆಡಿಕೊಂಡ ಒಂದು ಹುಚ್ಚು ಮಾತು, ಇವು ಮೂರು ಕೂಡಿ ಹುಟ್ಟಿದ ದೋಣಿ. ಭದ್ರಾವತಿಯ ಅವನ ಶೆಡ್ಡಿನಲ್ಲಿ ಉಳಿದಿರುವ ಹಾಯಿಯನ್ನು ಹೇರಿಕೊಂಡು, ಧರ್ಮೇಂದ್ರನ ತಾಯಿ ಬಂಗಾರಮ್ಮನಿಗೆ ಹೋಗಿಬರುತ್ತೇವೆಂದು ಹೇಳಿ, ಸಂಜೆಯೊಳಗೆ ಘಟ್ಟ ಇಳಿಯಬೇಕು. ಹೋಗಿಬರುತ್ತೇವೆ. ಹೋಗುವುದು ಒಂದು ಮಾತು, ಬರುವುದು ಇನ್ನೊಂದು, ಎರಡನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯವನ್ನು ಜನ ಎಲ್ಲಿಂದ ತಂದರೋ.

ಆ ದಿನ ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿಯೂ ಹೀಗೆಯೇ ಹೊರಟದ್ದು, ದೀಪಾವಳಿ ಕಳೆದ ಮೇಲೆ, ದೋಣಿಯನ್ನು ಮೊದಲ ಬಾರಿ ನೀರಿಗಿಳಿಸಿ ನೋಡಿದಂದು, ನೀರು ಕನ್ನಡಿಯಂತಿತ್ತು, ಮುಳುಗಿ ಸತ್ತ ಹಳೆಯ ಮರಗಳ ಬೋಳು ಕಾಂಡಗಳು ಅಲ್ಲಲ್ಲಿ ತಲೆಯೆತ್ತಿ ನಿಂತಿದ್ದವು, ಗುಡ್ಡದ ಸಂದಿಯಿಂದ ಗಾಳಿ ಹೇಳದೆ ಕೇಳದೆ ಇಳಿಯಿತು, ದೋಣಿ ಮಗ್ಗುಲಿಗೆ ವಾಲಿತು, ಮುಂದೆ ನಿಂತಿದ್ದ ಧರ್ಮೇಂದ್ರ ಜಾರಿ ಬಿದ್ದ, ಕಾಲಿನಲ್ಲಿ ಶೆಡ್ಡಿನ ಭಾರದ ಬೂಟು, ಈಜು ಬಲ್ಲವನನ್ನೂ ಕೆಳಗೆಳೆಯುವ ಬೂಟು, ಜ್ಞಾನೇಶ ಅಂಚಿಗೆ ಬಗ್ಗಿ ಅವನ ಕೈ ಹಿಡಿದ, ಹಿಡಿದದ್ದು ನಿಜ, ಒದ್ದೆ ಅಂಗೈಗೆ ಒದ್ದೆ ಅಂಗೈ ಸೇರಿದ್ದು ನಿಜ, ಅಷ್ಟರಲ್ಲಿ ಗಾಳಿ ಇನ್ನೊಮ್ಮೆ ಇಳಿಯಿತು, ಬಗ್ಗಿದ ಎದೆಯಿಂದ ಬೆಳ್ಳಿಯ ಕರಡಿಗೆ ಶಿವದಾರದೊಂದಿಗೆ ಹೊರಗೆ ಜೋತು ಬಿದ್ದು ನೀರಿನ ಮೇಲೆ ತೂಗಿತು, ಒಳಗೆ ಲಿಂಗ — ಕೈ ಹೋಯಿತು. ಅವನು ಕಳಿಸಲಿಲ್ಲ, ಅದು ಹೋಯಿತು. ಧರ್ಮೇಂದ್ರನ ಕೈಯನ್ನು ಬಿಟ್ಟು ಕರಡಿಗೆಯನ್ನು ಹಿಡಿದು ಎದೆಗೆ ಒತ್ತಿಕೊಂಡಿತು, ಒತ್ತಿಕೊಂಡೇ ಇತ್ತು, ನೀರಿನ ಮೇಲೆ ಐದು ಬೆರಳು ಉಳಿದವು, ಏನನ್ನೋ ಬೇಡುವಂತೆ ಬಿಚ್ಚಿಕೊಂಡ ಐದು ಬೆರಳು, ಆಮೇಲೆ ಅವೂ ಇಲ್ಲ. ಒಂದು ಸತ್ತ ಮರ ಧರ್ಮೇಂದ್ರನನ್ನು ಉಳಿಸಿತು, ಕಾಂಡವನ್ನು ತಬ್ಬಿಕೊಂಡು ಕೆಮ್ಮಿ ಕೆಮ್ಮಿ ನೀರು ಕಾರಿ ಅವನು ಆಡಿದ ಮೊದಲ ಮಾತು, ಲೋ, ನಿನ್ ಶಿವ ನಿನ್ ಕೊರಳಲ್ಲೇ ಇದ್ದ, ಅವ್ನು ಎಲ್ಗೂ ಓಡಿಹೋಗ್ತಿರ್ಲಿಲ್ಲ, ಹೋಗ್ತಿದ್ದೋನು ನಾನು. ನಕ್ಕನು ಕೂಡ. ಆ ನಗೆಗಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಒಂದು ವಾರದ ಮೇಲೆ ಭದ್ರಾವತಿಯ ಚಹದಂಗಡಿಯಲ್ಲಿ, ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ, ಮುಖ ನೋಡದೆ, ಲಿಂಗ ತೆಗ್ದಿಟ್ಟು ಬಾ ಅಂತ ನಾನು ಹೇಳಲ್ಲ, ಹೇಳೋ ಹಕ್ಕು ನಂಗಿಲ್ಲ, ಸೊಂಟಕ್ಕೆ ಹಗ್ಗ ಕಟ್ಟಿ ದೋಣಿಗೆ ಕೊಕ್ಕೆ ಹಾಕ್ಕೊಂಡ್ರೂ ಬಿದ್ದೋನ್ನ ಮೇಲೆತ್ತೋದು ಕೈನೇ ಅಲ್ವೇನೋ, ಇರೋರು ಇಬ್ರು, ನಾನು ಬಿದ್ರೆ ನಿನ್ ಕೈ, ನೀನು ಬಿದ್ರೆ ನನ್ ಕೈ, ಅಷ್ಟೇ ಲೆಕ್ಕ, ಎಂದಿದ್ದ ಧರ್ಮೇಂದ್ರ.

ಲೆಕ್ಕ ಸರಿಯಾಗಿಯೇ ಇತ್ತು. ಜ್ಞಾನೇಶನ ಕೈಯನ್ನು ಹಾಗೆ ತಿದ್ದಿದವಳು ಅವ್ವ, ಹೊಳಲೂರಿನ ಅಜ್ಜನ ಮನೆಗೆ ಹೋದಾಗಲೆಲ್ಲ ಹೊಳೆಯಲ್ಲಿ ಮುಳುಗು ಹಾಕಿಸುವಾಗ, ಮೊದ್ಲು ಲಿಂಗ ಹಿಡ್ಕೋ ಮಗಾ, ಉಸಿರು ಆಮೇಲೆ, ಮೊದ್ಲು ಲಿಂಗ, ಎಡವಿದರೂ ಲಿಂಗ, ಬೆದರಿದರೂ ಲಿಂಗ, ಮರದಿಂದ ಬಿದ್ದಾಗ ಮೊಣಕೈ ಮುರಿಯಿತು ಕರಡಿಗೆ ಮುರಿಯಲಿಲ್ಲ, ಅವಳು ಅದನ್ನು ನಾಲ್ಕು ಮಂದಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಳು. ಮುತ್ತಜ್ಜ ಷಡಕ್ಷರಪ್ಪನ ಲಿಂಗ ಹೊಳೆಯಲ್ಲಿ ಜಾರಿ ಹೋದಾಗ, ಅದು ಸಿಗುವ ತನಕ ಅವನು ತುತ್ತು ಮುಟ್ಟದೆ ಗುಟುಕು ನೀರಿಲ್ಲದೆ ದಡದಲ್ಲಿ ಕೂತೇ ಇದ್ದನಂತೆ, ಸಿಗ್ದೇ ಇದ್ದಿದ್ರೆ ಎಂದು ಹುಡುಗ ಜ್ಞಾನೇಶ ಕೇಳಿದರೆ, ಸಿಗ್ದೇ ಇದ್ದಿದ್ರೆ ಕೂತೇ ಇರ್ತಿದ್ರು ಎಂದಳು ಅವ್ವ, ಅಷ್ಟೇ. ಅಂಥವಳಿಗೆ ಮಗ ದೋಣಿ ಕಟ್ಟುತ್ತೇನೆಂದಾಗ ಮೊದಲು ನಗು, ಹೆಣ್ಣು ನೋಡೋಕ್ ಹೋಗು ಅಂದ್ರೆ ಹಡಗು ನೋಡೋಕ್ ಹೋದ್ಯಲ್ಲೋ, ಆಮೇಲೆ ಒಂದು ದಿನ ರೊಟ್ಟಿ ತಟ್ಟುತ್ತ, ನೀರಲ್ಲಿ ಹೋದೋರಿಗೆ ಮಣ್ಣು ಎಲ್ಲೀದು, ಸಮಾಧಿ ಗೂಡು ತೋಡಿ ಕೂರಿಸೋಕೆ ನಿನ್ನ ಎಲ್ಲಿ ಹುಡುಕ್ಲಿ, ಅಂಗೈಯೊಳಗೆ ಲಿಂಗ ಇಡೋರ್ಯಾರು. ಹಿನ್ನೀರಿನ ಸಂಗತಿಯನ್ನು ಅವಳಿಗೆ ತಮಾಷೆ ಮಾಡಿ ಹೇಳಿದವನೂ ಧರ್ಮೇಂದ್ರನೇ, ವಿದ್ಯಾನಗರದ ಮನೆಯಲ್ಲಿ ಊಟಕ್ಕೆ ಕೂತಾಗ, ಕಲ್ಲಮ್ಮಾರೇ ನಿಮ್ ಮಗ ನನ್ನ ಮೀನಿಗೆ ಹಾಕ್ಬಿಟ್ಟಿದ್ದ. ಅವಳು ನಗಲಿಲ್ಲ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಇಡುವ ಹೊತ್ತಿಗೆ ಎದುರಿಗೆ ಬಂದು ಕೂತಳು, ಬಲಗೈ ಚಾಚಿದಳು, ಇಲ್ಲಿ ಕೊಡು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂದು ಜನ್ಮವಿಡೀ ಹೇಳಿದವಳು. ಕೊಡೋ, ನಂದ್ರ ಜೊತೆ ಇಟ್ಕೊಂಡು ಪೂಜೆ ಮಾಡ್ತೀನಿ, ನೀನು ಅಲ್ಲಿ ಹೊತ್ತೊತ್ತಿಗೆ ಉಣ್ಣು, ಪಾಪ ಅನ್ನೋದಿದ್ರೆ ನಂಗಿರ್ಲಿ, ಆ ಹುಡುಗನ್ನ ಹಿಡ್ಕೋ, ಅವ್ನೂ ಒಬ್ಬ ತಾಯಿ ಮಗ. ಅವನು ಲಿಂಗವನ್ನು ಅವಳ ಅಂಗೈಯಲ್ಲಿಟ್ಟ, ಕರಡಿಗೆ ಶಿವದಾರದ ಸಮೇತ. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಗೇಟಿನ ತನಕ ಬರಲಿಲ್ಲ ಅವಳು, ಕಾರು ತಿರುಗುವಾಗ ಕಿಟಕಿಯೊಳಗೆ ಕಂಡಳು, ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಇನ್ನು ಮಗ ತಿರುಗಿ ಬರುವ ತನಕ ಅವಳು ಏನು ತಿನ್ನುತ್ತಾಳೆ, ತಿನ್ನುತ್ತಾಳೆಯೋ ಇಲ್ಲವೋ.

ಮಾಚೇನಹಳ್ಳಿ ಹಿಂದಾಯಿತು. ಬಿಟ್ಟು ಬಂದ್ಯಾ, ಎಂದು ಧರ್ಮೇಂದ್ರ ಕೇಳಿದ್ದು ಈಗಲೇ, ಅಂಗಿಯ ಕಾಲರಿನೊಳಗೆ ಬರಿದಾದ ಗೆರೆಯನ್ನು ಈಗಷ್ಟೇ ಕಂಡು; ಹ್ಞೂಂ. ಕಲ್ಲಮ್ಮಾರಿಗೆ ಗೊತ್ತಾ; ಅವ್ವನೇ ಇಸ್ಕೊಂಡ್ಳು. ಧರ್ಮೇಂದ್ರ ಸ್ಟೇರಿಂಗಿನ ಮೇಲೆ ಹೆಬ್ಬೆರಳು ಉಜ್ಜಿದ, ಇನ್ನು ನಾನು ನಿಶ್ಚಿಂತೆಯಿಂದ ಬೀಳ್ತೀನಿ ಬಿಡು ಎಂದ, ಕಣ್ಣಿನಲ್ಲಿ ನೀರಿತ್ತೋ ಏನೋ, ಅತ್ತ ತಿರುಗಿಕೊಂಡ, ಮತ್ತು ಜ್ಞಾನೇಶನಿಗೂ ತಿಂಗಳಿನ ಮೇಲೆ ಮೊದಲ ಬಾರಿ ಹಗುರವೆನಿಸಿತು, ಕಳೆಯುವ ಲೆಕ್ಕದಷ್ಟು ನೇರವಾದ ಲೆಕ್ಕ ಬೇರೆ ಇಲ್ಲ, ಹಿಡಿಯಲು ಲಿಂಗವಿಲ್ಲ, ಆದ್ದರಿಂದ ಕೈ ಬಿಡುವಾಗಿದೆ, ಬಿಡುವಾದ ಕೈ ಧರ್ಮೇಂದ್ರನದು, ಸಮುದ್ರ ಎಷ್ಟೇ ಎತ್ತಲಿ — ಎದುರಿನ ಲಾರಿ ಸನ್ನೆಯಿಲ್ಲದೆ ನಿಂತಿತು, ಧರ್ಮೇಂದ್ರ ಬ್ರೇಕಿನ ಮೇಲೆ ನಿಂತ, ಟೈರು ಕಿರುಚಿತು, ಹಿಂದಿನ ಸೀಟಿನ ಚೀಲಗಳು ಮುಂದಕ್ಕೆ ಬಿದ್ದವು, ಕಾರು ಲಾರಿಯ ಹಿಂಬದಿಗೆ ಗೇಣಿನಷ್ಟು ದೂರದಲ್ಲಿ ನಿಂತಿತು, ಥೂ ಇವ್ನ, ಲೈಸೆನ್ಸ್ ಯಾವ್ ಸಂತೇಲಿ ಕೊಂಡ್ಕೊಂಡ್ನೋ, ಎಂದು ಧರ್ಮೇಂದ್ರ ಗಾಜಿನಾಚೆಗೆ ಬೈಯುತ್ತಿದ್ದಾನೆ, ಅವನ ಎಡಗೈ ಜ್ಞಾನೇಶನ ಭುಜಕ್ಕೆ ಅಡ್ಡ ಬಂದು ಒತ್ತಿ ಹಿಡಿದಿದೆ, ಬ್ರೇಕು ಒತ್ತಿದ ಕ್ಷಣದಲ್ಲೇ ಬಂದ ಕೈ, ಯಾರೂ ಕಳಿಸದೆ ತಾನಾಗಿ ಬಂದ ಕೈ, ಮತ್ತು ಜ್ಞಾನೇಶನ ಕೈ ಎಲ್ಲಿದೆ, ಜ್ಞಾನೇಶನ ಎರಡೂ ಕೈ ಎಲ್ಲಿವೆ — ಅಂಗಿಯ ಮೇಲೆ, ಎದೆಯ ನಡುವೆ, ಏನೂ ಇಲ್ಲದಲ್ಲಿ, ಏನೂ ಇಲ್ಲದ್ದನ್ನು ಬಿಗಿಯಾಗಿ ಮುಚ್ಚಿ ಹಿಡಿದಿವೆ, ಬಿಡು ಎಂದರೂ ಬಿಡುತ್ತಿಲ್ಲ. ಏನಾಯ್ತೋ, ಪೆಟ್ಟಾಯ್ತಾ, ಎಂದು ಧರ್ಮೇಂದ್ರ ರಸ್ತೆಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಾನೆ, ಲಾರಿ ಮುಂದೆ ಸರಿಯುತ್ತಿದೆ, ಕಾರೂ ಸರಿಯುತ್ತಿದೆ, ಹೇಳಬೇಕು, ಈ ಕೈ ಬಿಡುವಾಗಿಲ್ಲವೆಂದು ಈಗ ಹೇಳಬೇಕು, ಭದ್ರಾವತಿ ಬರುವುದರೊಳಗೆ, ಬಂಗಾರಮ್ಮನ ಮುಖ ಕಾಣುವುದರೊಳಗೆ, ಏನಿಲ್ಲ ಎಂದಿತು ಬಾಯಿ, ಏನಿಲ್ಲ, ನಡಿ, ನೀರಿನ ಮೇಲೆ ಐದು ಬೆರಳು, ಬಿಚ್ಚಿಕೊಂಡ ಐದು ಬೆರಳು, ಐದು ಬೆರಳು