ದೊಡ್ಡಗಡಿಗೆಯ ಅಟ್ಟ

ತಪ್ಪು ತಿಳಿಯಬೇಡಿ, ಇದನ್ನು ಹೇಳುವುದಕ್ಕೆ ನನಗೆ ಯಾವ ಅಧಿಕಾರವೂ ಇಲ್ಲ, ಗುರುತು ಪರಿಚಯ ಇಲ್ಲದವನು ಊಟದ ಹೊತ್ತಿನಲ್ಲಿ ಬಾಗಿಲು ತಟ್ಟಿ ಇಂಥದ್ದನ್ನೆಲ್ಲ ಹೇಳಬಾರದು, ಆದರೂ ಹೇಳುತ್ತಿದ್ದೇನೆ, ಕ್ಷಮಿಸಿ — ಹೀಗೆ ಶುರು ಮಾಡಿದರೆ ಸರಿಯೇ, ಇಲ್ಲ ಕ್ಷಮಿಸಿ ಅನ್ನುವುದೇ ಮೊದಲು ಬರಬೇಕೇ, ಮುನೀಂದ್ರ ಬಸ್ಸಿನ ಕಿಟಕಿಯ ಕಂಬಿಗೆ ಹಣೆಯಿಟ್ಟು ಮನಸ್ಸಿನಲ್ಲೇ ಮತ್ತೊಮ್ಮೆ ಒಪ್ಪಿಸಿದ, ಕಂಬಿ ಕಾದು ಚುರುಗುಟ್ಟಿತು, ಮೇ ತಿಂಗಳ ಭಾನುವಾರ, ಮತ್ತಿಕೆರೆಯ ತಿರುವಿನಲ್ಲಿ ತಳ್ಳುಗಾಡಿಯವನು ಸೋಡಾ ಬಾಟಲಿಯ ಗೋಲಿಯನ್ನು ಒತ್ತಿದ, ಫಟ್ ಎಂದಿತು, ಮುನೀಂದ್ರನ ಎದೆಯೂ ಅದರ ಜೊತೆಗೇ ಹಾರಿತು — ಅದು ದಪ್ಪ ಗಾಜು, ಒಳಗಿನ ಒತ್ತಡ ತಡೆಯುವುದಕ್ಕೆಂದೇ ಮಾಡಿದ್ದು, ದೊಡ್ಡಗಡಿಗೆ ಅನ್ನುವವರು ತುಂಬಿಸಿಟ್ಟಿರುವುದು ಶರಬತ್ತಿನ ಬಾಟಲಿಗಳಲ್ಲಿ, ಉಗುರಿನಿಂದ ತಟ್ಟಿದರೆ ಟಿಣ್ ಅನ್ನುವಷ್ಟು ತೆಳು ಗಾಜು, ಒಳಗೆ ಇನ್ನೂ ಹುದುಗಿ ಮುಗಿಯದ ಬಿಯರು, ಸಾಲದ್ದಕ್ಕೆ ಒಂದೊಂದಕ್ಕೂ ಒಂದೊಂದು ಬೆಲ್ಲದ ಉಂಡೆ, ಅದರ ಮೇಲೆ ಈ ಬಿಸಿಲು, ಚಾವಣಿಗೆ ಒಂದು ಮೊಳ ಕೆಳಗಿರುವ ಅಟ್ಟದ ಮೇಲೆ ಎಷ್ಟು ಕಾವಿರಬಹುದು, ಕಂಡಕ್ಟರ್ ಚಿಲ್ಲರೆ ಚಿಲ್ಲರೆ ಅನ್ನುತ್ತಾ ಹಿಂದಕ್ಕೆ ಹೋದ, ಅಟ್ಟದ ಕೆಳಗೆ ಮಗು ಮಲಗುತ್ತದೆ, ಇದೊಂದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು, ಕ್ಷಮೆಗಿಂತಲೂ ಮೊದಲು.

ದೊಡ್ಡಗಡಿಗೆ ಅಂದರೆ ಯಾರು ಎಂದು ಬಾಗಿಲು ತೆಗೆದವರು ಕೇಳಿದರೆ, ಅದು ಮನುಷ್ಯನ ನಿಜವಾದ ಹೆಸರಲ್ಲ, ಹುದುಗು ಕಟ್ಟೆಯಲ್ಲಿ ಆತ ಇಟ್ಟುಕೊಂಡದ್ದು, ಹುದುಗು ಕಟ್ಟೆ ಅಂದರೆ ಅರಳಿಮರದ ಕಟ್ಟೆಯೂ ಅಲ್ಲ, ಮನೆಯಲ್ಲೇ ಬಿಯರ್ ಮಾಡುವ ಹುಚ್ಚಿನವರು ಸೇರಿ ಹರಟುವುದಕ್ಕೆ ಇಂಟರ್ನೆಟ್ಟಿನಲ್ಲಿ ಕಟ್ಟಿಕೊಂಡ ಜಾಗ, ಮುನೀಂದ್ರ ಅಲ್ಲಿನ ಮಾಡರೇಟರ್, ಕಟ್ಟೆ ಶುರು ಮಾಡಿದವರು ಬೇಸರ ಬಂದು ಬಿಟ್ಟುಹೋದಾಗ ಬೇರೆ ಯಾರೂ ಒಪ್ಪದೆ ಇವನ ತಲೆಗೆ ಬಂದ ಕೆಲಸ, ಕೆಟ್ಟ ಮಾತು ಅಳಿಸಬೇಕು, ಜಗಳ ಬಿಡಿಸಬೇಕು, ಬಗ್ಗದಿದ್ದರೆ ಆ ಚರ್ಚೆಗೇ ಬೀಗ ಹಾಕಬೇಕು, ಬೀಗ ಬಿದ್ದ ಮೇಲೆ ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ, ಮೊನ್ನೆ ಬೀಗ ಹಾಕಿದ್ದು ಬೆಲ್ಲದ ಜಗಳಕ್ಕೆ — ದೊಡ್ಡಗಡಿಗೆ ಎಂಬ ಹೊಸಬ ಬೆಲ್ಲ ಹಾಕಬಹುದೇ ಎಂದು ಕೇಳಿದ್ದೇ ತಡ, ಕಟ್ಟೆಯ ಹಳಬ ಸತೀಶ ಎದ್ದು ಕೂತ, ಬೆಲ್ಲ ಹಾಕಿದ್ದು ಬಿಯರ್ ಅಲ್ಲ ಮಗಾ ಹುಳಿ ಪಾನಕ, ರಾಮನವಮಿಗೆ ಹಂಚು ಹೋಗು, ಅದಕ್ಕೆ ಇನ್ನೊಬ್ಬ ಸತೀಶನ ಬಾರ್ಲಿಯನ್ನು ಎಮ್ಮೆ ಕೂಡ ಮೂಸುವುದಿಲ್ಲ ಎಂದ, ಅಲ್ಲಿಂದ ಮುಂದೆ ಅಪ್ಪ ತಾತನವರೆಗೆ ಹೋಯಿತು, ಮುನೀಂದ್ರ ಬೀಗ ಒತ್ತಿದ, ಒತ್ತಿದ್ದು ಸರಿಯೇ, ನಿಯಮದ ಪ್ರಕಾರವೇ, ಆದರೆ ಆ ಬೈಗುಳಗಳ ನಡುವೆ ದೊಡ್ಡಗಡಿಗೆ ಬರೆದ ನಾಲ್ಕು ಸಾಲನ್ನು ಅವನು ಓದಿರಲಿಲ್ಲ, ಪ್ರತಿಯೊಂದನ್ನೂ ಎರಡೆರಡು ಸಲ ಓದುವವನು, ಅಲ್ಪವಿರಾಮ ತಪ್ಪಾದರೂ ತಿದ್ದುವವನು, ಓದಿದ್ದು ಇವತ್ತು ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿ ಹಿಡಿದು — ಸರ್, ಗಡಿಗೆಯಲ್ಲಿ ಗುಳುಗುಳು ನಿಂತಿತು, ಅದಕ್ಕೆ ಶರಬತ್ತಿನ ಬಾಟಲಿಗಳಿಗೆ ತುಂಬಿ ಒಂದೊಂದು ಬೆಲ್ಲದುಂಡೆ ಹಾಕಿ ಬಿಗಿಯಾಗಿ ಮುಚ್ಚಿದ್ದೇನೆ, ಅಟ್ಟದ ಮೇಲಿಟ್ಟಿದ್ದೇನೆ, ಕೆಳಗೆ ಮೊಮ್ಮಗಳು ಮಲಗುತ್ತಾಳೆ, ವಾಸನೆಯಿಂದ ಮಗುವಿಗೆ ತೊಂದರೆ ಆಗುತ್ತದೆಯೇ, ದಯವಿಟ್ಟು ತಿಳಿಸಿ. ವಾಸನೆ, ಪಾಪ, ವಾಸನೆಯನ್ನು ಕೇಳುತ್ತಿದ್ದಾರೆ, ಗುಳುಗುಳು ನಿಂತಿದ್ದು ಹುದುಗುವುದು ಮುಗಿದು ಅಲ್ಲ ಯಜಮಾನರೇ, ನಿಮ್ಮ ಗಡಿಗೆಯ ಮುಚ್ಚಳದ ಸಂದಿಯಿಂದ ಗಾಳಿ ಹೋಗಿಬಿಟ್ಟು, ಒಳಗೆ ಇನ್ನೂ ಹುದುಗುತ್ತಿದೆ, ಬಿಗಿದ ಬಾಟಲಿ ಸಿಡಿಯುತ್ತದೆ, ಎಲ್ಲ ಹೊಸಬರೂ ಮಾಡುವ ತಪ್ಪು ಇದು, ಒಂದು ಸಾಲಿನ ಉತ್ತರ, ಯಾರು ಬೇಕಾದರೂ ಬರೆದಿರುತ್ತಿದ್ದರು, ಸತೀಶನೇ ಬರೆದಿರುತ್ತಿದ್ದ, ಬಾಯಿ ಕೆಟ್ಟದಾದರೂ ಮನಸ್ಸು ಕೆಟ್ಟದ್ದಲ್ಲ, ಬರೆಯುವುದಕ್ಕೆ ಜಾಗವೇ ಇರಲಿಲ್ಲ, ಪ್ರಶ್ನೆಯ ಕೆಳಗೆ ಬೀಗದ ಚಿತ್ರ ಮಾತ್ರ ಇತ್ತು, ಈ ಚರ್ಚೆಯನ್ನು ಮುಚ್ಚಲಾಗಿದೆ ಎಂಬ ಸಾಲು, ಆಮೇಲೆ ದೊಡ್ಡಗಡಿಗೆ ಕಟ್ಟೆಯ ಕಡೆ ಬಂದೇ ಇಲ್ಲ, ಬೆಳಿಗ್ಗೆ ಕಳಿಸಿದ ಖಾಸಗಿ ಸಂದೇಶಗಳನ್ನೂ ತೆರೆದಿಲ್ಲ.

ಅಡ್ರೆಸ್ ಕೇಳ್ಬಾರ್ದು ಅಂತ ರೂಲ್ ಮಾಡಿದ್ದು ನೀನೇ ಅಲ್ವ ಗುರು, ಬೆಳಿಗ್ಗೆ ವಿಳಾಸ ಕೇಳಿದಾಗ ಫೋನಿನಲ್ಲಿ ಸತೀಶ ನಕ್ಕಿದ್ದ, ಹೌದು, ಇವನೇ ಮಾಡಿದ್ದು, ಮನೆಯಲ್ಲಿ ಬಿಯರ್ ಹುದುಗಿಸಿದರೆ ಅಬ್ಕಾರಿಯವರು ಏನು ಮಾಡಬಹುದು ಎಂಬುದು ಕಟ್ಟೆಯಲ್ಲಿ ಯಾರಿಗೂ ನೆಟ್ಟಗೆ ಗೊತ್ತಿಲ್ಲ, ಅದಕ್ಕೇ ಯಾರೂ ಯಾರ ಹೆಸರು, ಮನೆ, ಬೀದಿ ಕೇಳಬಾರದು, ಕೇಳಿದವರನ್ನು ಮುನೀಂದ್ರ ಎಚ್ಚರಿಸಿದ್ದಾನೆ, ಒಬ್ಬನನ್ನು ಹೊರಗೂ ಹಾಕಿದ್ದಾನೆ, ಈಗ ಸ್ವತಃ ತಾನೇ ಬಸ್ಸು ಹತ್ತಿ ಹೊರಟಿದ್ದಾನೆ, ಮಗುವಿನ ವಿಷಯ ಹೇಳಿದ ಮೇಲೆ ಸತೀಶನ ನಗು ನಿಂತಿತು, ನಂಬರ್ ಇಲ್ಲ ಗುರು, ಯೀಸ್ಟ್ ಪ್ಯಾಕೆಟ್ ಕೊಡಕ್ಕೆ ಗೇಟ್ ತನಕ ಹೋಗಿದ್ದೆ ಅಷ್ಟೆ, ಸಂಜಯನಗರ, ಹಿಟ್ಟಿನ ಗಿರಣಿ ಪಕ್ಕ ಹಸಿರು ಗೇಟು, ಮನೆ ಮುಂದೆ ನುಗ್ಗೆಮರ, ಕೆಲಸದವರ ಕೈಲಿ ತರಿಸ್ಕೊಂಡ್ರು, ಮುಖ ನೋಡಿಲ್ಲ, ಯಾರೋ ಕಾಲೇಜ್ ಹುಡುಗ ಅಂದ್ಕೊಂಡು ಮಗಾ ಮಗಾ ಅಂತಿದ್ದೆ, ತಾತನಾ ಅವ್ರು, ಅಯ್ಯೋ. ಸೋಲದೇವನಹಳ್ಳಿಯ ಮನೆಯಲ್ಲಿ ಹೆಂಡತಿ ನಯನಾ ಒಗೆದ ಬಟ್ಟೆ ಕೊಡವುತ್ತಾ ನಿಂತಿದ್ದಳು, ಕುಡಿಯೋದು ಅರ್ಧ ಲೋಟ, ಅದಕ್ಕೆ ತಲೆ ಕೆಡಿಸ್ಕೊಳ್ಳೋದು ಮಾತ್ರ ದಿನಪೂರ್ತಿ ಕಣ್ರೀ, ಹೋಗಿ, ಹೋಗಿ ಬನ್ನಿ, ಇಲ್ಲೇ ಕೂತ್ರೆ ನೀವು ಊಟನೂ ಮಾಡಲ್ಲ, ಅವಳಿಗೆ ಗೊತ್ತು, ಯಶವಂತಪುರದ ಸಂಜೆ ಕಾಲೇಜಿನಲ್ಲಿ ಬಿಕಾಂ ಮಾಡುವಾಗಲೂ ಇವನು ಹೀಗೇ, ಹಗಲಿಡೀ ಔಷಧಿ ಅಂಗಡಿಯ ಬಿಲ್ಲು ಬರೆದು ಸಂಜೆ ಕೊನೆಯ ಬೆಂಚಿನಲ್ಲಿ ಕೂತು, ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ಹಗಲು ಕಾಲೇಜಿನವರ ಉತ್ತರ ಬೇರೆ ಇದ್ದೀತು ಎಂಬ ಅಳುಕು, ಆ ಅಳುಕು ಈಗಲೂ ಹೋಗಿಲ್ಲ — ಏನೂ ಆಗಿರದಿದ್ದರೆ, ಬಾಟಲಿಗಳನ್ನು ಅವರು ಆಗಲೇ ಕುಡಿದು ಮುಗಿಸಿದ್ದರೆ, ಸತೀಶ ಕಟ್ಟೆಯಲ್ಲೆಲ್ಲ ಸಾರುತ್ತಾನೆ, ನಮ್ಮ ಮಾಡರೇಟರ್ ಮನೆಮನೆಗೂ ಹೋಗಿ ಬಾಟಲಿ ಎಣಿಸ್ತಾರಂತೆ, ಸಾರಲಿ, ಸಾರುವಂತಾಗಲಿ ದೇವರೇ, ನಗೆಪಾಟಲಾಗುವುದಷ್ಟೇ ಆಗಲಿ, ಸಂಜಯನಗರ ಯಾರ್ರೀ, ಕಂಡಕ್ಟರ್ ಕೂಗಿದ, ಮುನೀಂದ್ರ ಬಸ್ಸು ನಿಲ್ಲುವ ಮೊದಲೇ ಮೆಟ್ಟಿಲಿಗೆ ಬಂದಿದ್ದ.

ಗಿರಣಿ ಮುಚ್ಚಿದೆ, ಆದರೂ ರಾಗಿ ಹಿಟ್ಟಿನ ವಾಸನೆ ಬೀದಿಯಲ್ಲಿ ಹಾಗೇ ಇದೆ, ಹಸಿರು ಗೇಟು, ನುಗ್ಗೆಮರ, ಕೆಳಗೆ ಮೇಲೆ ಬಾಡಿಗೆಗೆ ಕೊಟ್ಟು ನಡುವೆ ಯಜಮಾನರೇ ಇರುವಂಥ ಮನೆ, ಒಂದು ಕಾಲಕ್ಕೆ ಈ ಬೀದಿಯೆಲ್ಲ ಇವರದೇ ಹೊಲವಾಗಿದ್ದಿರಬೇಕು, ಗೋಡೆಯ ಮೇಲೆ ಆನಂದಪ್ಪ ಎಂದು ಕಲ್ಲಿನಲ್ಲಿ ಕೊರೆಸಿದ ಹೆಸರು, ಹಾಗಾದರೆ ದೊಡ್ಡಗಡಿಗೆ ಆನಂದಪ್ಪ, ಹೆಸರು ತಿಳಿದುಬಿಟ್ಟಿತು, ನಿಯಮ ಪೂರ್ತಿ ಮುರಿಯಿತು, ಬಾಗಿಲು ತೆಗೆದದ್ದು ಅವರ ಹೆಂಡತಿ, ಮುನಿಕೆಂಪಮ್ಮ, ಆ ಹೆಸರು ಅವನಿಗೆ ತಿಳಿದದ್ದು ಆಮೇಲೆ, ಆಗ ಕಂಡದ್ದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಅಡ್ಡ ನಿಂತ ಒಬ್ಬ ಗಟ್ಟಿ ಹೆಂಗಸು, ಯಾರಪ್ಪ ನೀನು, ಇಂಗೆ ಬೆವರು ಸುರಿಸ್ಕೊಂಡು, ನಮ್ಮನೆಯವ್ರು ದೇವನಹಳ್ಳಿಗೆ ಗೃಹಪ್ರವೇಶಕ್ಕೆ ಓಗವ್ರೆ, ಫೋನು ಇಲ್ಲೇ ಬುಟ್ಟು ಓಗವ್ರೆ. ಬಸ್ಸಿನಲ್ಲಿ ಒಪ್ಪಿಸಿದ್ದೆಲ್ಲ ಕಲಸಿಹೋಯಿತು, ಅಟ್ಟ ಅಂದ, ಬಾಟಲಿ ಅಂದ, ಅವರ ಕಣ್ಣು ಚಿಕ್ಕದಾಯಿತು, ಮ್ಯಾಲಿರೋದು ಗಿಡಕ್ಕಾಕೋ ಔಷ್ದಿ ಕಣಪ್ಪ, ನೀನ್ಯಾಕೆ ಕೇಳ್ತೀಯ, ಓ ದೇವರೇ, ಗಂಡ ಇವರಿಗೆ ಹೀಗೆ ಹೇಳಿಟ್ಟಿದ್ದಾರೆ, ಈಗ ನಿಜ ಹೇಳಿದರೆ ಸಂಸಾರದಲ್ಲಿ ಬೆಂಕಿ, ಹೇಳದಿದ್ದರೆ — ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿದೆ, ಮಂಚದ ತುದಿಯಲ್ಲಿ ಎರಡು ಪುಟ್ಟ ಪಾದ, ಫ್ಯಾನಿನ ಗಾಳಿಗೆ ಹೊದಿಕೆಯ ಅಂಚು ಅಲ್ಲಾಡುತ್ತಿದೆ, ಅಮ್ಮಾ, ನನ್ನನ್ನ ಆಮೇಲೆ ಬೈರಿ, ಮೊದಲು ಮಗೂನ ಆಚೆ ಕರ್ಕೊಂಡ್ ಬನ್ನಿ, ಅದು ಅವನದೇ ದನಿಯೇ, ಕೊನೆಯ ಬೆಂಚಿನವನ ದನಿಯೇ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಬಂದಿತು, ಮುನಿಕೆಂಪಮ್ಮ ಒಂದು ಕ್ಷಣ ಅವನ ಮುಖ ನೋಡಿದರು, ಒಳಗೆ ಹೋಗಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಬಂದರು, ಶಿಲ್ಪ ಅಂತೆ, ಅಜ್ಜಿಯ ಹೆಗಲ ಮೇಲೆಯೇ ಮತ್ತೆ ಮಲಗಿತು, ಮೇಲಿನ ಮನೆಯವರ ಕೈಗೆ ಅದನ್ನು ಕೊಟ್ಟು ಬಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು, ನೀನು ಅಬ್ಕಾರಿಯವನಾ, ಅಲ್ಲಮ್ಮಾ, ಹುದುಗು ಕಟ್ಟೆಯವನು, ಆಗ ಅವರ ಭುಜ ಇಳಿಯಿತು, ಅಂಗಂತ ಮೊದಲೇ ಯೋಳಕ್ಕಾಗಲ್ವ, ಔಷ್ದಿ ಅಂತ ನಾನೇ ಎಲ್ರಿಗೂ ಯೋಳೋದು, ನಮ್ಮನೆಯವ್ರನ್ನ ಯಾರಾನಾ ಹಿಡ್ಕೊಂಡ್ ಓದ್ರೆ ಏನ್ ಗತಿ, ನಿನ್ನೆ ಮ್ಯಾಲೆ ಒಂದು ಟಪ್ ಅಂತು, ಇಲಿ ಬೀಳಿಸ್ತು ಅಂದ್ಕೊಂಡೆ. ನಿನ್ನೆಯೇ ಒಂದು ಒಡೆದಿದೆ, ಮುನೀಂದ್ರ ಕೋಣೆಯೊಳಕ್ಕೆ ಕಾಲಿಟ್ಟ, ಗೋಡೆಯ ಮೇಲೆ ಅಟ್ಟದಿಂದ ಇಳಿದು ಒಣಗಿದ ಕಂದು ಗೆರೆ ಇತ್ತು, ನೇರವಾಗಿ ದಿಂಬಿನ ಕಡೆಗೆ.

ಆಮೇಲೆ ಯೋಚನೆಗೆ ಪುರಸೊತ್ತಿರಲಿಲ್ಲ, ಒದ್ದೆ ಗೋಣಿಚೀಲ, ಆನಂದಪ್ಪನವರ ಸ್ಕೂಟರಿನ ಹೆಲ್ಮೆಟ್ಟು, ಮುಂಗೈಗೆ ಸುತ್ತಿಕೊಂಡ ಟವೆಲ್ಲು, ಸ್ಟೂಲಿನ ಮೇಲೆ ನಿಂತು ಒಂದೊಂದೇ ಬಾಟಲಿಯನ್ನು ಗೋಣಿಯಲ್ಲಿ ಸುತ್ತಿ ಕೂಸು ಇಳಿಸುವ ಹಾಗೆ ಇಳಿಸಿದ, ಬಚ್ಚಲಮನೆಯ ಕಲ್ಲಿನ ಮೇಲಿಟ್ಟು ತಣ್ಣೀರು ಸುರಿದ, ಮುಚ್ಚಳ ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಸುಯ್ ಎಂದು ಶುರುವಾಗಿ ಇಡೀ ಬಾಟಲಿಯೇ ನೊರೆಯಾಗಿ ಚಾವಣಿಗೆ ಹಾರುತ್ತಿತ್ತು, ಮುನಿಕೆಂಪಮ್ಮ ಇಡ್ಲಿ ಪಾತ್ರೆಯ ಮುಚ್ಚಳವನ್ನು ಮುಖಕ್ಕೆ ಅಡ್ಡ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಿದ್ದರು, ಹೋಗಿ ಅಂದರೂ ಹೋಗಲಿಲ್ಲ, ಅಲ್ಲಿಂದಲೇ ಮಾತು, ಅವ್ರು ದಿನಾ ಸಂಜೆ ನಂಗೆ ಆ ಕಟ್ಟೇಲಿ ಬರ್ದಿರೋದೆಲ್ಲ ಓದಿ ಯೋಳ್ತಿದ್ರು, ನಗ್ತಿದ್ರು, ಹೊಲ ಹೋದ್ಮೇಲೆ ಹಿಂಗೆ ನಕ್ಕಿದ್ದೇ ಇಲ್ಲ ಕಣಪ್ಪ, ಮೊನ್ನೆಯಿಂದ ಕಂಪ್ಯೂಟರ್ ಮುಟ್ಟಿಲ್ಲ, ಅದ್ಯಾವನೋ ಬೀಗ ಜಡ್ದುಬುಟ್ಟವ್ನೆ, ನಮ್ಮಂಥೋರು ಬಾಯಿ ಬುಡಬಾರ್ದು ಅಂತ, ಅಂಗಂದು ಮಂಕಾಗಿ ಕೂತ್ಕಂಡ್ರು. ಸುಯ್ ಎಂದು ಮತ್ತೊಂದು, ನೊರೆ ಹೆಲ್ಮೆಟ್ಟಿನ ಗಾಜಿನ ಮೇಲೆ ಇಳಿಯಿತು, ಗೋಧಿ ಹೊಲದಂಥ ಬಣ್ಣ, ಅದರ ಹಿಂದಿನಿಂದಲೇ ಮುನೀಂದ್ರ ಹೇಳಿದ, ಆ ಬೀಗ ಹಾಕಿದೋನು ನಾನೇ ಅಮ್ಮಾ, ಜಗಳಕ್ಕೆ ಹಾಕಿದ್ದು, ಅವರ ಪ್ರಶ್ನೆ ನೋಡಿರ್ಲಿಲ್ಲ. ಮುಚ್ಚಳದ ಹಿಂದಿನಿಂದ ಒಂದು ಕಣ್ಣು ಇಣುಕಿತು, ನೀನೇನಾ, ಬೈಗುಳಕ್ಕೆ ಅವನು ತಲೆ ತಗ್ಗಿಸಿ ಕಾದ, ಮತ್ತೆ ತೆಗಿ, ಅಷ್ಟೇ ಅಂದರು, ಬಾಗಿಲ ಚಿಲಕ ತೆಗಿ ಅನ್ನುವಷ್ಟು ಸಲೀಸಾಗಿ, ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ ಫೋನು ತೆಗೆದ, ಪುಟ ತೆರೆದುಕೊಳ್ಳಲು ಎಷ್ಟು ಹೊತ್ತು, ಚಕ್ರ ತಿರುಗುತ್ತಲೇ ಇತ್ತು, ಬೀಗದ ಚಿತ್ರ ಮಾಯವಾಯಿತು, ದೊಡ್ಡಗಡಿಗೆಯವರೇ ಎಂದು ಬರೆದ, ಮೇಲೆ ಕೆಳಗೆ ಎರಡು ಸಲ ಓದಲಿಲ್ಲ, ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ, ಬೆಲ್ಲ ಹಾಕಬಹುದು, ಅಳತೆ ಬೇರೆ, ಕೂತು ಮಾತಾಡೋಣ, ಕಳಿಸಿದ ಕೂಡಲೇ ಕೆಳಗೆ ಸತೀಶನ ಸಾಲು ಮೂಡಿತು, ಮಗು ಹೇಗಿದೆ ಗುರು.

ಇನ್ನೊಂದೇ ಬಾಟಲಿ ಉಳಿದಿತ್ತು, ಅಟ್ಟದ ಮೂಲೆಯದು, ಮುಚ್ಚಳ ತಿರುಗಿಸಿದ, ಮುನಿಕೆಂಪಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಅಡ್ಡ ಹಿಡಿದರು, ಸಣ್ಣ ನಿಟ್ಟುಸಿರಿನಂಥ ಸದ್ದು, ನೊರೆ ನಿಧಾನವಾಗಿ ಕತ್ತಿನವರೆಗೆ ಏರಿತು, ಬಾಯಿಯ ಅಂಚಿಗೆ ಬಂದು ನಿಂತಿತು, ಬಿಳಿ, ದಪ್ಪ, ಕಟ್ಟೆಯಲ್ಲಿ ಎಲ್ಲರೂ ಯಾವುದಕ್ಕಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೋ ಅಂಥ ನೊರೆ, ಚೆಲ್ಲಲಿಲ್ಲ, ಕುಸಿಯಲೂ ಇಲ್ಲ, ಮುನೀಂದ್ರ ಹೆಲ್ಮೆಟ್ಟು ತೆಗೆದು ಕೂತುಬಿಟ್ಟ, ಯಾಕಪ್ಪ ಇದೊಂದು ಇಂಗೆ, ಮುನಿಕೆಂಪಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳಿದರು, ಅದೇ ಗಡಿಗೆ, ಅದೇ ದಿನ, ಅದೇ ಅಟ್ಟದ ಕಾವು, ಉಂಡೆ ಕಟ್ಟುವಾಗ ಶಿಲ್ಪ ಅಜ್ಜನ ತೊಡೆಯ ಮೇಲೆ ಕೂತಿದ್ದಳಂತೆ, ಒಂದು ಉಂಡೆಯನ್ನು ಕಚ್ಚಿ ಚಿಕ್ಕದು ಮಾಡಿದ್ದಳೋ ಏನೋ, ಅಥವಾ ಬೆಲ್ಲವೇ ಬಿದ್ದಿರಲಿಲ್ಲವೋ, ಮುಚ್ಚಳ ಸೋರುತ್ತಿತ್ತೋ, ಸಂಜೆ ಆನಂದಪ್ಪ ಬಂದು ಖಾಲಿ ಅಟ್ಟ ನೋಡಿ ಏನನ್ನುತ್ತಾರೋ, ಬೈಯುತ್ತಾರೋ, ಕಂಪ್ಯೂಟರಿನ ಮುಂದೆ ಕೂರುತ್ತಾರೋ, ಗೊತ್ತಿಲ್ಲಮ್ಮಾ, ಅಂದ, ನಿಜವಾಗಿಯೂ ಗೊತ್ತಿಲ್ಲ, ಮಾಡರೇಟರ್ ಆದ ಮೇಲೆ ಆ ಮಾತನ್ನು ಅಳುಕಿಲ್ಲದೆ ಹೇಳಿದ್ದು ಇದೇ ಮೊದಲು, ಇಬ್ಬರೂ ಬಾಟಲಿಯನ್ನೇ ನೋಡುತ್ತಾ ಕೂತಿದ್ದಾರೆ, ನೊರೆ ಅಂಚಿನಲ್ಲಿ ನಿಂತಿದೆ, ಇನ್ನೂ ನಿಂತಿದೆ, ಅಂಚಿನಲ್ಲೇ —