ಆಕಾಶಕ್ಕೆ ತೂತು ಕೊರೆದ ಕಟಿಂಗ್ ಪ್ಲೇಯರು

ಆಕಾಶಕ್ಕೆ ತೂತು ಕೊರೆದವನು ನಾನು. ಕುವೆಂಪುನಗರದ ಮೋರಿ ಪಕ್ಕದ ಖಾಲಿ ಸೈಟಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಟಿಂಗ್ ಪ್ಲೇಯರಿನಿಂದ ಕೊರೆದೆ. ನಮ್ಮ ಮನೆಯ ಶೀಟಿಗೆ ಬಿದ್ದ ತೂತು ಮುಚ್ಚಲು ನನಗೆ ಕೈ ಎಟುಕುವುದಿಲ್ಲ, ಸ್ಟೂಲು ಬೇಕು. ಆಕಾಶ ಮಾತ್ರ ಕೂತಲ್ಲಿಗೇ ಎಟುಕಿತು. ನಂಬದಿದ್ದರೆ ಬಿಡಿ. ನಾನು ಹೇಳುತ್ತಿರುವ ಮಾತಲ್ಲ, ಸರ್ಕಾರವೇ ಜೀಪಿನಲ್ಲಿ ಬಂದು ಹೇಳಿದ ಮಾತು.

"ಆಕಾಶಕ್ಕೆ ತೂತು ಬೀಳ್ತಿರೋದೇ ನಿಮ್ಮಂಥ ಬಡ್ಡೀಮಕ್ಕಳಿಂದ ಕಣ್ರೋ. ಏಳ್ರೋ ಮೇಲೆ."

ಹೀಗೆ ಅಂದವರು ಶಿವಮಲ್ಲಪ್ಪ ಸಾಹೇಬರು. ಗಾಳಿ ನೀರು ಕಾಯುವ ಯಾವುದೋ ಇಲಾಖೆ. ಯಾವುದೆಂದು ಇವತ್ತಿಗೂ ಗೊತ್ತಿಲ್ಲ, ಜೀಪಿನ ಬೋರ್ಡು ಇಂಗ್ಲಿಷಿನಲ್ಲಿತ್ತು. ನನ್ನ ಹೆಸರು ಮರಿಸ್ವಾಮಿ ಎಂದೆ. ಅವರು ಕೇಳಿರಲಿಲ್ಲ. ಆದರೂ ಇಷ್ಟು ದೊಡ್ಡ ಕೆಲಸ ಮಾಡಿದವನ ಹೆಸರು ತಿಳಿದಿರಲಿ ಅಂತ.

ನಮ್ಮದು ಗುಜರಿ ಕಸುಬು. ಮನೆಮನೆಯ ಹಳೇ ಫ್ರಿಜ್ಜು, ಏಸಿ ತಂದು ಬಿಚ್ಚುವುದು, ತಾಮ್ರದ ಪೈಪು, ಕಂಪ್ರೆಸರು ಬೇರೆ ಮಾಡಿ ದೇವರಾಜ ಮೊಹಲ್ಲಾದ ಪ್ರಭುಸ್ವಾಮಿಗಳ ಅಂಗಡಿಗೆ ಹಾಕುವುದು. ಬಿಚ್ಚುವ ಮೊದಲು ಒಳಗಿನ ಗ್ಯಾಸು ಹೋಗಬೇಕು. ಅದಕ್ಕೆ ನಾವು ಉಸುರು ಬುಡ್ಸೋದು ಅನ್ನುತ್ತೇವೆ. ಒಬ್ಬರು ಕಟಿಂಗ್ ಪ್ಲೇಯರಿನಿಂದ ಪೈಪು ಚಿವುಟುತ್ತಾರೆ, ಸುಯ್ ಅನ್ನುತ್ತದೆ. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಉಳಿದವರೆಲ್ಲ ಮುಖ ತಿರುಗಿಸಿ ಉಸಿರು ಕಟ್ಟುತ್ತೇವೆ. ಒಮ್ಮೆ ಹಾಗೆ ಕಟ್ಟಿದರೆ ನಾನು ಚಾಮುಂಡಿಬೆಟ್ಟ ಹತ್ತಿ, ಮಂಗಳಾರತಿ ತೆಗೆದುಕೊಂಡು, ಇಳಿದು ಬಂದೇ ಉಸಿರು ಬಿಡುವವನು. ಆ ಗ್ಯಾಸಿನ ತಣ್ಪು ಅಂಥಿಂಥದ್ದಲ್ಲ. ಬೆಂಕಿಗಿಂತ ಜೋರಾಗಿ ಸುಡುತ್ತದೆ. ನನ್ನ ಒಂದು ಬೆರಳ ತುದಿ ಸುಟ್ಟು ಸುಣ್ಣದಂತೆ ಬೆಳ್ಳಗಾಗಿದೆ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಇಲ್ಲೇ ಪಕ್ಕದಲ್ಲಿ ತಂತಿ ಸುಲಿಯುತ್ತಿರುವ ನನ್ನ ಹೆಂಡತಿ ದೇವಿರಮ್ಮ ಇದನ್ನು ಕೇಳಿ ಕಿಸಕ್ಕನೆ ನಗುತ್ತಾಳೆ. ನಗಲಿ.

ಆವತ್ತು ಒಂದು ಫ್ರಿಜ್ಜಿನ ಉಸಿರು ಆಗಷ್ಟೇ ಬಿಡಿಸಿದ್ದೆವು. ಇನ್ನೊಂದು, ಎರಡು ಬಾಗಿಲಿನದು, ಮುಟ್ಟದೆ ನಿಂತಿತ್ತು. ಸಾಹೇಬರು ಬೂಟುಗಾಲಲ್ಲಿ ಕಂಪ್ರೆಸರನ್ನು ಒದ್ದರು. ಪಾಪ, ಅವರಿಗೇ ನೋವಾಯಿತು.

"ಕಾನೂನು ಗೊತ್ತೇನ್ರೋ ನಿಮಗೆ? ಗ್ಯಾಸ್ ಗಾಳಿಗೆ ಬಿಡಂಗಿಲ್ಲ, ಅದೇ ಮೇಲೆ ಹೋಗಿ ತೂತು ಮಾಡೋದು. ಮಿಷಿನ್‌ನಲ್ಲಿ ಎಳೆದು ಸಿಲಿಂಡರಿಗೆ ತುಂಬಬೇಕು. ಆಯಿಲ್ಲು ಮೋರಿಗೆ ಸುರಿಯಂಗಿಲ್ಲ. ಇಷ್ಟೆಲ್ಲ ಆದ್ಮೇಲೇ ಮಾರಬೇಕು, ಅದೂ ಲೈಸೆನ್ಸ್ ಇರೋ ಅಂಗಡಿಗೆ."

"ಆ ಮಿಷಿನ್ನು ಎಲ್ಲದೆ ಬುದ್ಧಿ?" ಎಂದಳು ಬೆಟ್ಟಮ್ಮ. ನಮ್ಮ ಜೊತೆ ಕೆಲಸ ಮಾಡುವ ಹಿರಿಯಳು, ಯಾರನ್ನಾದರೂ ಏನನ್ನಾದರೂ ಕೇಳಿಬಿಡುತ್ತಾಳೆ.

"ನಮ್ಮ ಆಫೀಸಲ್ಲಿದೆ. ಕಾನೂನು ಪ್ರಕಾರ ಗ್ಯಾಸ್ ತೆಗೆಸಿ, ಆಮೇಲೆ ಗಾಡಿ ಬಿಡಿಸ್ಕೊಳ್ಳಿ."

ನಮ್ಮ ತುಳಿಯುವ ಮೂರು ಚಕ್ರದ ಗಾಡಿಗೆ ಅವರು ಅಷ್ಟರಲ್ಲಿ ಹಗ್ಗ ಕಟ್ಟಿಸಿಯಾಗಿತ್ತು. ಆ ಗಾಡಿ ದೇವಿರಮ್ಮನ ಕಿವಿಯ ಓಲೆ. ಓಲೆ ಹೋಗಿ ಗಾಡಿ ಬಂದಿತ್ತು, ಈಗ ಗಾಡಿಯೂ ಹೊರಟಿತು. ಗಾಡಿ ಇಲ್ಲದಿದ್ದರೆ ನಾವು ಯಾರ ಮನೆಯ ಗೇಟಿನ ಮುಂದೆಯೂ ಗುಜರಿಯವರಲ್ಲ, ಭಿಕ್ಷದವರು.

ಗಾಡಿಯ ಹಿಂದೆ ನಮ್ಮನ್ನೂ ಪ್ರಭುಸ್ವಾಮಿಗಳ ಅಂಗಡಿಗೆ ನಡೆಸಿದರು, ಮಾಲು ಯಾರಿಗೆ ಹಾಕುತ್ತೀರಿ ತೋರಿಸಿ ಅಂತ. ಸ್ವಾಮಿಗಳು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಶಾಂತಿ. ಸಾಹೇಬರಿಗೆ ಕುರ್ಚಿ ಬಂತು, ಬಾದಾಮಿ ಹಾಲು ಬಂತು.

"ಇವರ್ಯಾರೋ ನಂಗೊತ್ತಿಲ್ಲ ಸಾರ್. ಕ್ಲೀನಾಗಿರೋ ತಾಮ್ರ ಬಂದ್ರೆ ತಗೋತೀನಿ. ಎಲ್ಲಿ ಬಿಚ್ಚಿದ್ರು, ಹೆಂಗೆ ಬಿಚ್ಚಿದ್ರು, ನನಗ್ಯಾಕೆ?"

ಹಿಂದಿನ ದಿನವಷ್ಟೇ ಇದೇ ಬಾಯಿ, "ಗ್ಯಾಸಿರೋ ಮಾಲು ನನ್ನಂಗಡಿ ಒಳಗೆ ತಂದ್ರೆ ಕಾಲು ಮುರೀತೀನಿ, ಹೊರಗೇ ಬಿಟ್ಟು ಬನ್ರೋ" ಅಂದಿತ್ತು. ಬೆಟ್ಟಮ್ಮ ಕುಡಿಯಲು ನೀರು ಕೇಳಿದಳು. ಅವರು ಬೀದಿ ನಲ್ಲಿಯ ಕಡೆ ಗಲ್ಲ ಎತ್ತಿ ತೋರಿಸಿದರು. ನಲ್ಲಿಯಲ್ಲಿ ನೀರಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಸಾಹೇಬರು ಹಾಲಿನ ಲೋಟ ಕೆಳಗಿಟ್ಟು, ಅಂಗಡಿಯವರು ಕಾನೂನಿಗೆ ಸರಿಯಾಗಿದ್ದಾರೆಂದು ಹೇಳಿ ಹೊರಟರು. ನಮ್ಮ ಗಾಡಿ ಜೀಪಿನ ಹಿಂದೆ ಬಾಲದ ಹಾಗೆ ಹೋಯಿತು.

ಮಾರನೆಯ ಬೆಳಿಗ್ಗೆ ನಾನು ತೀರ್ಮಾನ ಮಾಡಿದೆ. ಕಾನೂನು ತಾನೇ? ಪಾಲಿಸೋಣ. ಮುಟ್ಟದೆ ನಿಂತಿದ್ದ ಎರಡು ಬಾಗಿಲ ಫ್ರಿಜ್ಜನ್ನು ಉಸಿರು ಸಮೇತ ಆಫೀಸಿಗೆ ಹೊರುವುದು. ಅದನ್ನು ಮಲಗಿಸಬಾರದು, ಆಯಿಲ್ಲು ಪೈಪಿಗೆ ಏರುತ್ತದೆ, ನಿಂತ ಹಾಗೇ ಹೋಗಬೇಕು. ನಾನು ಒಂಟಿ ಕೈಯಲ್ಲಿ ತಲೆಯ ಮೇಲಿಟ್ಟುಕೊಂಡೆ, ಇನ್ನೊಂದು ಕೈಯಲ್ಲಿ ಬೀಡಿ. ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ಯಾವುದೋ ಮಂತ್ರಿಯ ಸವಾರಿಯೆಂದು ಸೆಲ್ಯೂಟ್ ಹೊಡೆದ.

ಆಫೀಸಿನ ವರಾಂಡದಲ್ಲಿ ಇಳಿಸಿ ಬೆವರು ಒರೆಸುತ್ತಿದ್ದೆವು. ಆಗ ಕೇಳಿಸಿತು.

ಸುಯ್.

ನಾವೆಲ್ಲ ಒಟ್ಟಿಗೇ ಮುಖ ತಿರುಗಿಸಿ ಉಸಿರು ಕಟ್ಟಿದೆವು. ಬೆಟ್ಟಮ್ಮ ಸೆರಗು ಮೂಗಿಗೆ ಒತ್ತಿದಳು. ಬಾಗಿಲಿಗೆ ಬಂದ ಶಿವಮಲ್ಲಪ್ಪ ಸಾಹೇಬರಿಗೆ ಕಂಡದ್ದು ನಮ್ಮ ಬೆನ್ನುಗಳು ಮಾತ್ರ.

"ಏನ್ರೋ ಇದು, ದೆವ್ವ ಬಡಿದೋರಂಗೆ ಗೋಡೆ ನೋಡ್ಕೊಂಡು ನಿಂತಿದೀರಾ?"

ಅವರ ಕೋಣೆಯ ಕಿಟಕಿಯಲ್ಲಿ ಏಸಿ ರಿಪೇರಿ ನಡೆದಿತ್ತು. ಮೆಕ್ಯಾನಿಕ್ಕು ಸ್ಟೂಲಿನ ಮೇಲೆ ನಿಂತು ಹಳೇ ಗ್ಯಾಸನ್ನು ಬಿಡುತ್ತಿದ್ದ. ಪೈಪಿನ ಬಾಯಲ್ಲಿ ಬೆಳ್ಳಗೆ ಹಿಮ ಕಟ್ಟಿತ್ತು. ನಾನು ಎದೆ ಸೆಟೆಸಿ ಮುಂದೆ ಬಂದೆ.

"ಬುದ್ಧಿ, ತಮ್ ಕಿಟಕೀಲಿ ಯಾರೋ ಆಕಾಶ ಕೊರೀತಾವ್ರೆ."

ಗುಮಾಸ್ತರೊಬ್ಬರು ಕೆಮ್ಮಿದರು. ಕೆಮ್ಮಲ್ಲ, ನಗು. ಮೆಕ್ಯಾನಿಕ್ಕು ಗಾಬರಿಯಾಗಿ, "ಎಲ್ಲಾ ಕಡೆ ಹಿಂಗೇ ಬಿಡೋದು ಸಾರ್" ಎಂದ.

"ಅವ್ನಿಗೇನೂ ಅನ್ಬ್ಯಾಡಿ ಬುದ್ಧಿ, ಹೊಟ್ಟೆಪಾಡು. ಏಸಿ ಯಾರ್ದೋ ಅವ್ರ ಜೀಪು ಇಡ್ಕೊಳಿ."

ಸಾಹೇಬರ ಮುಖ ಆ ಏಸಿ ಇಲ್ಲದ ಕೋಣೆಯಷ್ಟೇ ಬಿಸಿಯಾಯಿತು. "ಬಾಯಿ ಮುಚ್ಚು. ಮಿಷಿನ್ ತನ್ರೋ" ಎಂದು ಕೂಗಿದರು. ಜವಾನರು ಸ್ಟೋರು ತೆಗೆದರು. ಮಿಷಿನ್ನು ಇತ್ತು, ಸುಳ್ಳಲ್ಲ. ಥರ್ಮೋಕೋಲಿನೊಳಗೆ ಮದುವಣಗಿತ್ತಿಯ ಹಾಗೆ ಕೂತಿತ್ತು. ನಡೆಸಲು ಕಲಿತು ಬಂದವರಿಗೆ ವರ್ಗವಾಗಿತ್ತು. ಎಲ್ಲಿ ಒತ್ತಬೇಕೆಂದು ತಿಳಿಯದೆ ಸಾಹೇಬರೇ ಒಂದು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಪ್ಲಗ್ಗು ಹಾಕಿರಲಿಲ್ಲ.

"ನಾವು ಕಾಯ್ತೀವಿ, ತಾವು ಕಲ್ತ್ಕೊಳಿ" ಎಂದು ನಾವು ಬಾಗಿಲಿಗೆ ಅಡ್ಡವಾಗಿ ಕೂತೆವು. ಬೆಟ್ಟಮ್ಮ ಫ್ರಿಜ್ಜಿನ ಬಾಗಿಲು ತೆಗೆದು ರೊಟ್ಟಿಯ ಗಂಟು ಒಳಗಿಟ್ಟಳು, ತನ್ನ ಅಡುಗೆಮನೆಯೇ ಅನ್ನುವ ಹಾಗೆ. ಕೆಲಸಕ್ಕೆ ಬಂದ ಜನ ಪಕ್ಕಕ್ಕೆ ತಿರುಗಿ ಒಳಗೆ ನುಸುಳಬೇಕಾಯಿತು, ನುಸುಳುವಾಗ ಏನಾಯಿತೆಂದು ಕೇಳಬೇಕಾಯಿತು, ನಾವು ಹೇಳಬೇಕಾಯಿತು. ಸಾಯಂಕಾಲದೊಳಗೆ ಗಾಡಿಯ ಹಗ್ಗ ಬಿಚ್ಚಿದರು.

"ತಗೊಂಡ್ ತೊಲಗಿ. ಈ ಡಬ್ಬಾನೂ ಹೊತ್ಕೊಂಡ್ ಹೋಗಿ."

"ಎಂಗೆ ಬುದ್ಧಿ? ಒಳ್ಗೆ ಗ್ಯಾಸದೆ. ದಾರೀಲಿ ಉಸುರು ಬುಟ್ಬುಟ್ರೆ ಆಕಾಶಕ್ಕೆ ಯಾರು ಜವಾಬ್ದಾರಿ?"

ಫ್ರಿಜ್ಜು ಇವತ್ತಿಗೂ ಅದೇ ವರಾಂಡದಲ್ಲಿದೆ. ಜವಾನರು ಅದರೊಳಗೆ ಛತ್ರಿ ಇಡುತ್ತಾರಂತೆ. ಹೀಗೆ, ಒಂದು ಇಲಾಖೆಯನ್ನೇ ನಾನೊಬ್ಬ ಬಾಯಲ್ಲೇ ಮಣಿಸಿ...

"ಅದ್ನೆಲ್ಲಾ ಯೋಳ್ದೋರು ಯಾರು?"

ದೇವಿರಮ್ಮ ತಂತಿ ಸುಲಿಯುವುದನ್ನು ನಿಲ್ಲಿಸಿದ್ದಾಳೆ.

"ನಾನೇ ಕಣೆ."

"ಬೆಳ್ಳು ತೋರ್ಸು."

"ಯಾವ ಬೆಳ್ಳು?"

"ಸುಣ್ಣ ಆಗ್ಯದೆ ಅಂದ್ಯಲ್ಲ ಮಾರಾಯ, ಆ ಬೆಳ್ಳು."

ನಾನು ಕೈ ಜೇಬಿಗೆ ಹಾಕಿಕೊಂಡೆ. ಅವಳು ತನ್ನ ಬಲಗೈ ಎತ್ತಿದಳು. ತೋರುಬೆರಳ ತುದಿ ಬೆಳ್ಳಗಿದೆ, ಉಗುರಿಲ್ಲ. ಆಚೆ ಪಕ್ಕ ಕೂತ ಬೆಟ್ಟಮ್ಮ ಬಿದ್ದು ಬಿದ್ದು ನಗುತ್ತಿದ್ದಾಳೆ.

ಸರಿ. ಫ್ರಿಜ್ಜನ್ನು ಬಿದಿರಿಗೆ ಕಟ್ಟಿ ಹೊತ್ತವರು ಇವರಿಬ್ಬರು. ನಾನು ಹಿಂದೆ ಅದರ ಬಾಗಿಲು ತೆರೆದುಕೊಳ್ಳದ ಹಾಗೆ ಹಿಡಿದುಕೊಂಡು ನಡೆದೆ. ಹೊರೋಣ ಎಂದವಳೂ, ಸಾಹೇಬರ ಮುಂದೆ ಮಾತಾಡಿದವಳೂ ದೇವಿರಮ್ಮ. ಅವಳು ಮಾತಾಡುವಾಗ ನಾನು ಫ್ರಿಜ್ಜಿನ ಹಿಂದೆ ಇನ್ನೂ ಉಸಿರು ಕಟ್ಟಿ ನಿಂತಿದ್ದೆ, ಗ್ಯಾಸು ಹೋಗಿ ಎಷ್ಟೋ ಹೊತ್ತಾಗಿದ್ದರೂ.

"ತಿರುಗ್ಕೊಳಿ" ಎಂದಳು ದೇವಿರಮ್ಮ. ಇವತ್ತಿನ ಫ್ರಿಜ್ಜಿನ ಪೈಪು, ಕಟಿಂಗ್ ಪ್ಲೇಯರು ಎರಡೂ ಅವಳ ಕೈಯಲ್ಲಿದ್ದವು. ಮಿಷಿನ್ನು ಇನ್ನೂ ಥರ್ಮೋಕೋಲಿನಲ್ಲೇ ಇದೆ.

ಆಕಾಶಕ್ಕೆ ತೂತು ಕೊರೆಯುವವಳು ಅವಳು ಸ್ವಾಮಿ. ನಾನು ಬರೀ ಮುಖ ತಿರುಗಿಸಿಕೊಳ್ಳುವವನು.