ಮೇಸ್ತ್ರಿ ಮಲಗಿದ್ದ ಪೆಟ್ಟಿಗೆ

ಆಸ್ಪತ್ರೆಯ ಶವಾಗಾರದ ಶೀತಪೆಟ್ಟಿಗೆ ಕೆಟ್ಟಿದೆಯೆಂದು ಫೋನ್ ಬಂದಾಗ ಮೆಕ್ಯಾನಿಕ್ ಊಟಕ್ಕೆ ಕೂತಿದ್ದ. ಕೈ ತೊಳೆದು ಹೊರಟ. ಅಲ್ಲಿ ಬಾಗಿಲ ಪಕ್ಕದ ಬೆಂಚಿನಲ್ಲಿದ್ದ ಹೆಂಗಸನ್ನು ಕಂಡದ್ದೇ ಅವನು ಸಲಕರಣೆಯ ಚೀಲ ಕೆಳಗಿಟ್ಟು ನಿಂತ. ತನಗೆ ಕೆಲಸ ಕಲಿಸಿದ ಮೇಸ್ತ್ರಿಯ ಹೆಂಡತಿ.

"ಬೆಳಿಗ್ಗೆ ಹೋಗ್ಬಿಟ್ರು ಕಣೋ," ಎಂದಳು ಆಕೆ. "ಮಗಳು ಬರೋದು ನಾಳೆ. ಅಲ್ಲೀವರೆಗೆ ಇಲ್ಲಿಡೋಣ ಅಂದ್ರೆ ಇದೂ ಕೈ ಕೊಟ್ಟಿದೆ."

ಮೇಸ್ತ್ರಿಗೂ ಅವನಿಗೂ ಎಂಟು ವರ್ಷದಿಂದ ಮಾತಿರಲಿಲ್ಲ. ಔಷಧಿ ಅಂಗಡಿಯೊಂದರ ಫ್ರಿಜ್ಜಿಗೆ ಕೊಳವೆಯೊಳಗಿನ ಗಾಳಿ, ಪಸೆ ಹೀರಿ ತೆಗೆಯಲು ಗಂಟೆಯಾದರೂ ವ್ಯಾಕ್ಯೂಮ್ ಪಂಪು ಓಡಿಸಬೇಕಾದಲ್ಲಿ ಹತ್ತೇ ನಿಮಿಷ ಓಡಿಸಿ ಅವನು ಗ್ಯಾಸ್ ತುಂಬಿಬಿಟ್ಟಿದ್ದ. ಕೊಳವೆಯೊಳಗೆ ಉಳಿದ ಪಸೆ ಹೆಪ್ಪುಗಟ್ಟಿ, ಫ್ರಿಜ್ಜು ನಿಂತು, ಔಷಧಿಯೆಲ್ಲ ಹಾಳಾಯಿತು. "ನಿಂಗ್ಯಾಕಯ್ಯಾ ಈ ಕೆಲಸ?" ಎಂದು ಮೇಸ್ತ್ರಿ ನಾಲ್ಕು ಜನರೆದುರು ಕೂಗಾಡಿದ್ದರು. ಇವನು ಸ್ಪ್ಯಾನರ್ ಬಿಸಾಕಿ ಬಂದವನು ಆ ಕಡೆ ತಲೆ ಹಾಕಿರಲಿಲ್ಲ.

ಈಗ ಸುತ್ತ ಐಸ್ ಗಡ್ಡೆಗಳನ್ನಿಟ್ಟು ಮೇಸ್ತ್ರಿಯನ್ನು ಪೆಟ್ಟಿಗೆಯ ಮೇಲಿನ ಅರೆಯಲ್ಲಿ ಮಲಗಿಸಿದ್ದರು. ಇವನು ಪೆಟ್ಟಿಗೆಯ ಹಿಂದೆ ಮಂಡಿಯೂರಿದ. ಸೋರುವ ಜಾಗ ಹುಡುಕಲು ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು ಸೋಪುನೀರು ಹಚ್ಚಿದಾಗ ಒಂದು ಬೆಸುಗೆಯಲ್ಲಿ ಗುಳ್ಳೆ ಎದ್ದಿತು. ಅದನ್ನು ಮುಚ್ಚಿ ವ್ಯಾಕ್ಯೂಮ್ ಪಂಪು ಹಚ್ಚಿದ.

"ಇನ್ನೂ ಎಷ್ಟು ಹೊತ್ತಪ್ಪಾ? ಐಸ್ ಕರಗ್ತಿದೆ," ಎಂದ ಕಾವಲುಗಾರ.

"ಒಳಗಿನ ಪಸೆ ಆವಿಯಾಗಿ ಹೋಗ್ಬೇಕು. ಇನ್ನೊಂದಿಷ್ಟು ಐಸ್ ತನ್ನಿ. ನಾನಂತೂ ಅವಸರ ಮಾಡಲ್ಲ."

ಒಂದು ಗಂಟೆಯ ಮೇಲೆ ವಾಲ್ವ್ ಮುಚ್ಚಿ, ಗೇಜಿನ ಮುಳ್ಳನ್ನೇ ನೋಡುತ್ತ ಕೂತ. ಅದು ಕದಲಲಿಲ್ಲ; ಸೋರಿಕೆಯೂ ಇಲ್ಲ, ಪಸೆಯೂ ಉಳಿದಿಲ್ಲ. ಗ್ಯಾಸ್ ತುಂಬಿದ. ಕಂಪ್ರೆಸರ್ ಗುಂಯ್ ಎಂದಿತು.

ಮೇಸ್ತ್ರಿಯ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. "ಬೇಸಿಗೇಲೂ ಸ್ವೆಟರ್ ಹಾಕ್ಕೊಳ್ಳೋ ಮನುಷ್ಯ. ಒಳಗೆ ಚಳಿ ಆಗಲ್ವೇನೋ ಅವ್ರಿಗೆ?"

ತಂಪೆಂಬುದನ್ನು ಯಾರೂ ಒಳಗೆ ತುಂಬುವುದಿಲ್ಲ, ಬಿಸಿಯನ್ನು ಹೊರಗೆ ಸಾಗಿಸುವುದಷ್ಟೇ ಎಂದು ಮೇಸ್ತ್ರಿ ಮೊದಲ ದಿನ ಹೇಳಿಕೊಟ್ಟಿದ್ದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

"ಇಲ್ಲಮ್ಮ, ಆಗಲ್ಲ," ಎಂದ.

"ನಿನ್ನ ಅಂಗಡಿ ಮುಂದೆ ಹಾಯ್ದಾಗೆಲ್ಲ ಮನೆಗೆ ಬಂದು ಹೇಳ್ತಿದ್ರು, ತುಂಬ ಗಿರಾಕಿ ಇದಾರೆ ಅಂತ. ಒಳಗೆ ಹೋಗ್ಬಾರ್ದಿತ್ತಾ ಅಂದ್ರೆ, ಅವ್ನೇ ಕರೀಲಿ ಅನ್ನೋರು."

ಅವನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಮರುದಿನ ಮಗಳು ಬಂದಳು. ಅಪ್ಪನ ಮುಖ ಒಂದಿಷ್ಟೂ ಕೆಟ್ಟಿರಲಿಲ್ಲ. ಕೆನ್ನೆ ಮುಟ್ಟಿ ಮನಸಾರೆ ಅತ್ತಳು. ದೇಹ ಎತ್ತುವಾಗ ಮೇಸ್ತ್ರಿಯ ಹೆಂಡತಿ ಇವನತ್ತ ತಿರುಗಿ, "ನೀನೂ ಒಂದು ಕಡೆ ಹಿಡ್ಕೋ," ಎಂದಳು.

ಕಾಲಿನ ಕಡೆ ಹಿಡಿದ. ಮೇಸ್ತ್ರಿ ಅವನೆಣಿಸಿದ್ದಕ್ಕಿಂತ ಎಷ್ಟೋ ಹಗುರವಾಗಿದ್ದರು. ಕಾಯಿಲೆ ಎಷ್ಟು ದಿನದಿಂದ ಇತ್ತೆಂಬುದೂ ಅವನಿಗೆ ಗೊತ್ತಿರಲಿಲ್ಲ.